ಅತ್ತೆಯ ಎರಡು ಸೀಟಿನ ಕಾರು

ಅತ್ತೆಯ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ಮೂವತ್ತಾರು ವರ್ಷ ಸಿರಿಂಜು ಒತ್ತಿ ಒತ್ತಿ ಅಲ್ಲಿಯ ಚರ್ಮ ಗಡುಸಾಗಿ, ಸವೆದ ನಾಣ್ಯದ ಹಾಗೆ ನುಣುಪಾಗಿತ್ತು. ಆ ಹೆಬ್ಬೆರಳಿಗೆ ಗ್ಲಿಸರಿನ್ ಹಚ್ಚಿಕೊಂಡು, ಕಾರಿನ ಬಾಗಿಲ ಅಂಚಿನ ರಬ್ಬರನ್ನು ಮೇಲಿನಿಂದ ಕೆಳಗಿನವರೆಗೆ ಒಂದಂಗುಲವೂ ಬಿಡದೆ ನೀವುತ್ತಿದ್ದಳು. ಭಾನುವಾರ ಬೆಳಗಿನ ಬಿಸಿಲು ಬೇವಿನ ಗಿಡದಿಂದಿಳಿದು ಅಂಗಳಕ್ಕೆ ಬರುವುದರೊಳಗೆ ಆ ಕೆಲಸ ಮುಗಿಯಬೇಕು. ಎಣ್ಣೆ ಹಚ್ಚಿದರೆ ರಬ್ಬರು ಉಬ್ಬುತ್ತದೆ, ಏನೂ ಹಚ್ಚದಿದ್ದರೆ ನಮ್ಮ ಕಡೆಯ ಬಿಸಿಲಿಗೆ ಸೀಳುತ್ತದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಸಿಗೆ ಹಿಡಿದವರ ಒಡೆದ ತುಟಿಗೆ ಹಚ್ಚುತ್ತಿದ್ದುದನ್ನೇ ತಂದು ಇದಕ್ಕೂ ಹಚ್ಚಿ ನೋಡಿದ್ದಳು, ಸರಿಹೋಗಿತ್ತು.

ಅವಳು ನಮ್ಮಪ್ಪನ ಅಕ್ಕ. ಮಕ್ತಲದ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದಳು. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವವರೂ ಹಳಬರಾಗಿ ಸುಮ್ಮನಾಗಿದ್ದರು. ಅಪ್ಪ ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡಿದ್ದ. ನನಗೆ ಕೃಷ್ಣಾ ನದಿಯ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಾಗ, ದಿನಾ ನಾರಾಯಣಪೇಟೆಯಿಂದ ಓಡಾಡುವುದಕ್ಕಿಂತ ಮಕ್ತಲದಲ್ಲಿ ಅತ್ತೆಯ ಮನೆಯಲ್ಲಿರುವುದೇ ಸರಿ ಎಂದಾಯಿತು. ನಾನು ಪೆಟ್ಟಿಗೆ ಹೊತ್ತುಕೊಂಡು ಅವಳ ಮನೆಗೆ ಬಂದ ವರ್ಷವೇ ಅವಳು ನಿವೃತ್ತಳಾದಳು. ಅದಾಗಿ ಮೂರು ತಿಂಗಳಿಗೆ ಕಾರು ಬಂತು.

ಗದ್ವಾಲದಲ್ಲಿ ಬೀಜದ ವ್ಯಾಪಾರ ಮಾಡಿಕೊಂಡಿದ್ದ ಮುದುಕರೊಬ್ಬರಿಗೆ ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ ಉಳಿದಿತ್ತು. ಡ್ರೆಸ್ಸಿಂಗ್ ಮಾಡಲು ಅತ್ತೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಅವರ ಗೋದಾಮಿನ ಮೂಲೆಯಲ್ಲಿ ತಾಡಪಾಲು ಹೊದ್ದ ಏನೋ ಒಂದು ಇತ್ತು. ಒಂದು ದಿನ ಅದರೊಳಗಿಂದ ಕೋಳಿ ಹೊರಬಂದದ್ದನ್ನು ಕಂಡು ತಾಡಪಾಲು ಎತ್ತಿ ನೋಡಿದಳು. ಎರಡೇ ಸೀಟಿನ, ತಗ್ಗಾದ, ಬಟ್ಟೆಯ ಟಾಪನ್ನು ಹಿಂದಕ್ಕೆ ಮಡಚಿಡುವ ಕೆಂಪು ಸ್ಪೋರ್ಟ್ಸ್ ಕಾರು. ನಮ್ಮ ದೇಶದಲ್ಲೇ ಕೆಲವು ವರ್ಷ ತಯಾರಾಗಿ ನಿಂತುಹೋದ ಮಾದರಿ. ಮುದುಕರ ಮಗ ಹೈದರಾಬಾದಿನಲ್ಲಿ ಯಾರಿಂದಲೋ ಕೊಂಡು ತಂದು, ನಾಲ್ಕು ದಿನ ಓಡಿಸಿ, ಬೇಸರ ಬಂದು ಬಿಟ್ಟಿದ್ದನಂತೆ. ಡ್ರೈವರ್ ಸೀಟಿನಲ್ಲಿ ಮೂರು ಮೊಟ್ಟೆಗಳಿದ್ದವು.

"ಇದನ್ನ ನನಗ ಕೊಡ್ರಿ," ಎಂದಳು ಅತ್ತೆ.

"ಕೋಳಿನೇನು ನರ್ಸಮ್ಮ?"

"ಗಾಡಿ."

ಮುದುಕರು ನಕ್ಕರಂತೆ. ಅವಳು ನಗದೆ ನಿಂತಿದ್ದನ್ನು ನೋಡಿ ಅವರೂ ನಗು ನಿಲ್ಲಿಸಿದರಂತೆ.

ಅವಳಿಗೆ ಕಾರು ಓಡಿಸಲು ಬರುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಪೋಲಿಯೊ ಹನಿ ಹಾಕಲು ಹಳ್ಳಿಹಳ್ಳಿ ಸುತ್ತುತ್ತಿದ್ದ ಕಾಲದಲ್ಲಿ ದವಾಖಾನೆಯ ಜೀಪಿನ ಡ್ರೈವರು ಅವಳಿಗೆ ಕಲಿಸಿದ್ದರಂತೆ. ಲೈಸೆನ್ಸನ್ನೂ ಆಗಲೇ ಮಾಡಿಸಿಕೊಂಡು, ತಪ್ಪದೆ ನವೀಕರಿಸುತ್ತ ಬಂದಿದ್ದಳು. ಗಾಡಿ ರಿಪೇರಿ ಮಾಡುವ ಮಕ್ತಲದ ಮಿಸ್ತ್ರಿ ಗದ್ವಾಲಕ್ಕೆ ಹೋಗಿ ಹತ್ತು ದಿನ ಕೆಲಸ ಮಾಡಿ ಕಾರನ್ನು ಎಬ್ಬಿಸಿದ. ಜೂರಾಲ ಅಣೆಕಟ್ಟಿನ ಮೇಲೆ ಹಾಯ್ದು, ಟಾಪು ತೆರೆದುಕೊಂಡೇ, ತಲೆಗೆ ಬಿಗಿಯಾಗಿ ಸೆರಗು ಸುತ್ತಿಕೊಂಡು ಅವಳು ಅದನ್ನು ತಾನೇ ಓಡಿಸಿಕೊಂಡು ಮನೆಗೆ ತಂದಳು. ಮಿಸ್ತ್ರಿ ಪಕ್ಕದಲ್ಲಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಹೊಸ ಅಳಿಯನಂತೆ ಕೂತಿದ್ದ.

ಸುದ್ದಿ ನಾರಾಯಣಪೇಟೆ ಮುಟ್ಟಿ ಅಪ್ಪ ಬಂದ. ಕಾರಿನ ಸುತ್ತ ಎರಡು ಸಲ ತಿರುಗಿದ.

"ಅಕ್ಕಾ, ತಗೊಳ್ಳೋದು ತಗೊಂಡಿ, ನಾಲ್ಕು ಮಂದಿ ಕೂಡೂ ಗಾಡಿ ತಗೋಬಾರದಿತ್ತೇನು? ಮ್ಯಾಲೆ ಟಾಪಿಲ್ಲ, ಹಿಂದ ಸೀಟಿಲ್ಲ."

"ನಾಲ್ಕು ಮಂದಿ ಎಲ್ಲಿ ಅದಾರೋ ನನಗ?" ಎಂದಳು ಅತ್ತೆ. ಅಪ್ಪನ ಮುಖ ಸಣ್ಣದಾದದ್ದನ್ನು ನೋಡಿ, ಚಹಾದ ಲೋಟ ಅವನ ಕೈಗಿಟ್ಟು ಮೆತ್ತಗೆ ಹೇಳಿದಳು: "ಇಷ್ಟು ವರ್ಷ ಫಿನಾಯಿಲ್ ವಾಸನಿ ಕುಡದೀನಿ ತಮ್ಮಾ. ಇನ್ನ ಒಂದೀಟು ಗಾಳಿ ಕುಡೀತೀನಿ."

ಆ ಗಾಳಿಗಾಗಿ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಇಂಜಿನ್ನಿನ ಸಾಮಾನನ್ನು ಮಿಸ್ತ್ರಿ ಬೇರೆ ಗಾಡಿಗಳದ್ದನ್ನು ತಂದು ಹೇಗೋ ಹೊಂದಿಸುತ್ತಿದ್ದ. ಟಾಪು, ಅದರ ಕೀಲು, ಹಿಂದಿನ ಮೆತ್ತನೆಯ ಪ್ಲಾಸ್ಟಿಕ್ ಗಾಜು, ಇವು ಮಾತ್ರ ಎಲ್ಲಿಯೂ ಸಿಗುತ್ತಿರಲಿಲ್ಲ. "ಅಮ್ಮಾ, ಕಂಪನೀನ ಬಂದ್ ಆಗೈತ್ರಿ, ಸಾಮಾನ ಎಲ್ಲಿಂದ ತರ್ಲಿ?" ಎಂದು ಅವನು ತಲೆ ಕೆರೆದುಕೊಂಡರೆ ಅತ್ತೆ, "ಮೊದಲು ಮುಟ್ಟಿ ನೋಡು, ಆಮ್ಯಾಲೆ ಮಾತಾಡು," ಎನ್ನುತ್ತಿದ್ದಳು. ಇದು ಅವಳ ಕಾಯಂ ಮಾತು. ಹೊಸದಾಗಿ ಸೇರಿದ ನರ್ಸುಗಳಿಗೂ ಇದನ್ನೇ ಹೇಳುತ್ತಿದ್ದಳಂತೆ.

ಮೊದಲ ಮಳೆಗಾಲದಲ್ಲಿ ಟಾಪು ಸೋರಿತು. ಜೀಪು, ಟ್ರ್ಯಾಕ್ಟರುಗಳಿಗೆ ಹೊದಿಕೆ ಹೊಲಿಯುವ ನಾರಾಯಣಪೇಟೆಯ ದರ್ಜಿ ಬಂದು ಹೊಸ ದಪ್ಪ ಬಟ್ಟೆ ಹೊಲಿದುಕೊಟ್ಟ. ಅದೂ ಸೋರಿತು. ಆಗ ಅತ್ತೆ ಕೈಯಲ್ಲಿ ಸೀಮೆಸುಣ್ಣ ಹಿಡಿದು ಕಾರಿನೊಳಗೆ ಕೂತಳು. ನಾನು ಹೊರಗೆ ಕುರ್ಚಿ ಹತ್ತಿ ಚೊಂಬಿನಿಂದ ಸಣ್ಣಗೆ ನೀರು ಹೊಯ್ಯಬೇಕು. "ಇಲ್ಲಿ ಬಂತು! ನಿಲ್ಲಸು! ಇನ್ನ ಒಂದು ಗೇಣು ಎಡಕ್ಕ ಹಾಕು!" ಒಂದು ತಾಸು ಹೀಗೆ ನಡೆದ ಮೇಲೆ ಹೊರಬಂದವಳ ಸೀರೆ ತೊಯ್ದು ತೊಪ್ಪೆಯಾಗಿತ್ತು, ಮುಖ ಮಾತ್ರ ಪತ್ತೆ ಹಚ್ಚಿದ ಸಂತೋಷದಲ್ಲಿತ್ತು. ಟಾಪಿನ ಒಳಗೆ ಏಳು ಕಡೆ ಬಿಳಿ ಗುರುತುಗಳಿದ್ದವು. ದರ್ಜಿ ಅಷ್ಟನ್ನೂ ಮತ್ತೆ ಹೊಲಿದ.

ಆದರೂ ಸೀಟಿನ ಕೆಳಗೆ ನೀರು ನಿಲ್ಲುವುದು ತಪ್ಪಲಿಲ್ಲ. ಟಾಪಿನ ಮೇಲೆ ಬಿದ್ದ ನೀರು ಹರಿದುಹೋಗಲು ಸೀಟುಗಳ ಹಿಂದೆ ಎರಡು ಸಣ್ಣ ತೂತುಗಳಿದ್ದವು. ಬೇವಿನ ಹೂವು ಉದುರಿ ಅವು ಕಟ್ಟಿಕೊಂಡಿದ್ದವು. ಮಿಸ್ತ್ರಿ ತಂತಿ ಹಾಕಿ ಚುಚ್ಚಲು ಹೋದ. ಅತ್ತೆ ಅವನ ಕೈ ಹಿಡಿದಳು. "ತಂತಿ ಹಾಕಿದ್ರ ಪೈಪ್ ಹರೀತೈತಿ." ಒಳಗೆ ಹೋಗಿ, ಮೂತ್ರ ಕಟ್ಟಿದವರಿಗೆ ಹಾಕುವ ಸಣ್ಣ ರಬ್ಬರು ನಳಿಕೆಯನ್ನು ತಂದು, ಬಗ್ಗಿ, ಕಣ್ಣು ಮುಚ್ಚಿಕೊಂಡು ಬೆರಳ ತುದಿಯಿಂದಲೇ ದಾರಿ ಹುಡುಕುತ್ತ ಒಳಗೆ ನೂಕಿದಳು. ಕೆಳಗೆ ಕಪ್ಪು ನೀರು ಬಳಬಳ ಸುರಿಯಿತು. ಮಿಸ್ತ್ರಿ ಎದ್ದು ನಿಂತು ಸಲಾಮು ಹೊಡೆದ. ಅಂದಿನಿಂದ ಅವನು ಕಾರಿನ ಬಗ್ಗೆ ಅವಳನ್ನು ಕೇಳದೆ ಏನೂ ಮಾಡುತ್ತಿರಲಿಲ್ಲ.

ಊರಿನಲ್ಲಿ ಮೊದಮೊದಲು ನಗುವವರಿದ್ದರು. ಆದರೆ ಮಕ್ತಲದ ಸುತ್ತಮುತ್ತ ಅವಳ ಕೈಯಲ್ಲಿ ಹುಟ್ಟಿದವರೇ ಅರ್ಧ ಜನ. ಅವರ ತಾಯಂದಿರು ನಗಲಿಲ್ಲ. "ನರ್ಸಮ್ಮ, ನನಗೊಂದೀಟು ಕೂಡಸ್ಕೊಂಡು ಬರ್ರಿ," ಎಂದು ಕೇಳಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ರಾಯಚೂರು ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿ ತರುತ್ತಿದ್ದಳು. ಒಬ್ಬ ನೇಕಾರ ಅಜ್ಜಿ ಇಳಿದ ಮೇಲೆ ಬಹಳ ಹೊತ್ತು ಕಾರಿನ ಬಾಗಿಲು ಹಿಡಿದು ನಿಂತೇ ಇದ್ದಳು. ಯಾಕಮ್ಮ ಎಂದರೆ, "ಮಗ್ಗದ ಗುಂಡಿಯಾಗ ಕಾಲು ಇಳಿಬಿಟ್ಟು ಕೂತಾಕಿ ನಾನು. ಕೂತಲ್ಲೇ ಇಷ್ಟು ದೂರ ಹೋಗಿಬಂದೆ," ಎಂದಳು.

ಇದೆಲ್ಲ ಒಂದೂವರೆ ವರ್ಷದ ಮಾತು. ಆಮೇಲೆ ಕಾರಿನ ಎಡಗಡೆಯ ಕನ್ನಡಿ ಮುರಿಯಿತು, ನಮ್ಮದೇ ಗೇಟಿನ ಕಂಬಕ್ಕೆ ತಾಗಿ. ಹೊಸದು ಹಾಕಿಸಿದ ತಿಂಗಳಲ್ಲೇ ಮತ್ತೆ ಮುರಿಯಿತು. "ಕಂಬ ಹೊರಗ ಬಂದೈತಿ," ಎಂದಳು ಅತ್ತೆ. ನಾನೂ ಗಾರೆಯವನನ್ನು ಕರೆಸಿ ಕಂಬವನ್ನು ತುಸು ಕೆತ್ತಿಸಿದೆ. ಮನೆಯೊಳಗೆ ಬಾಗಿಲ ಚೌಕಟ್ಟಿಗೆ ಅವಳ ಭುಜ ತಾಗುತ್ತಿತ್ತು. ಎಡಗಡೆಯಿಂದ ನಾನು ಲೋಟ ಚಾಚಿದರೆ ಬೆಚ್ಚುತ್ತಿದ್ದಳು. ಅಷ್ಟು ಕಂಡರೂ ನನಗೆ ಹೊಳೆಯಲಿಲ್ಲ. ದವಾಖಾನೆಯಲ್ಲಿ ಜೀವಮಾನ ಕಳೆದವಳ ದೇಹಕ್ಕೆ ಏನಾದರೂ ಆದೀತೆಂದು ನಾವು ಯಾರೂ ಅಂದುಕೊಂಡಿರಲಿಲ್ಲ.

ಹತ್ತಿ ಬಿಡಿಸಿ ಮುಗಿದು ಹೊಲಗಳಲ್ಲಿ ಕಟ್ಟಿಗೆ ಕೀಳುತ್ತಿದ್ದ ದಿನಗಳು. ಒಂದು ಶನಿವಾರ ಮಧ್ಯಾಹ್ನ ನಾರಾಯಣಪೇಟೆಯಿಂದ ಮಕ್ತಲಕ್ಕೆ ಬರುತ್ತಿದ್ದೆವು. ಟಾಪು ತೆರೆದಿತ್ತು, ಬಿಸಿಲು ಹಿತವಾಗಿತ್ತು. ರಸ್ತೆಯ ಎಡಬದಿಯಲ್ಲಿ ಹತ್ತಿಕಟ್ಟಿಗೆಯ ಹೊರೆ ಹೊತ್ತ ಹೆಂಗಸೊಬ್ಬಳು ನಮ್ಮ ಮುಂದೆಯೇ ನಡೆಯುತ್ತಿದ್ದಳು. ನಾನು ಅವಳನ್ನು ಬಹಳ ದೂರದಿಂದಲೇ ನೋಡಿದ್ದೆ. ಅತ್ತೆಯೂ ನೋಡಿರುತ್ತಾಳೆ ಎಂದು ಸುಮ್ಮನಿದ್ದೆ. ಕಾರು ಬಲಕ್ಕೆ ಸರಿಯಲಿಲ್ಲ. "ಅತ್ತೀ!" ಎಂದು ಕೂಗಿದವಳೇ ನಡುವಿದ್ದ ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ ಎಳೆದೆ. ಕಾರು ಹಿಂಬದಿಯಿಂದ ಜಾರಿ ಅಡ್ಡಲಾಗಿ ನಿಂತಿತು. ಹೊರೆಯಿಂದ ಹಿಂದಕ್ಕೆ ಇಳಿಬಿದ್ದಿದ್ದ ಕಟ್ಟಿಗೆಯ ತುದಿಗೆ ಕಾರಿನ ಮೂತಿ ತಗುಲಿ, ಹೊರೆ ಬಿಚ್ಚಿ ರಸ್ತೆ ತುಂಬ ಚೆಲ್ಲಿತು. ಹೆಂಗಸು ಗಟಾರದ ಅಂಚಿಗೆ ಕುಕ್ಕರಿಸಿ ಬಿದ್ದಳು.

ನಾನು ಇಳಿಯುವುದರೊಳಗೆ ಅತ್ತೆ ಅವಳ ಮುಂದೆ ಮೊಣಕಾಲೂರಿ ಕೂತಿದ್ದಳು. ಕಾಲಿನ ಹರಡು, ಮೊಣಕಾಲು, ಸೊಂಟ, ಕುತ್ತಿಗೆ ಎಂದು ಒಂದೊಂದನ್ನೇ ಒತ್ತಿ ನೋಡುತ್ತ, "ಇಲ್ಲಿ ನೋಯ್ತೈತೇನವ್ವ? ಇಲ್ಲಿ?" ಎಂದು ಕೇಳುತ್ತಿದ್ದಳು. ಅಂಗೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಹೆದರಿಕೆ ಇಳಿದ ಮೇಲೆ ಹೆಂಗಸಿಗೆ ಸಿಟ್ಟು ಬಂತು.

"ಹಾಡಹಗಲ ಇಷ್ಟು ದೊಡ್ಡ ಮನಿಶಾಳು ನಡದೀನಿ. ಕಣ್ಣು ಕಾಣಂಗಿಲ್ಲೇನು ನಿನಗ?"

ಅತ್ತೆಯ ಕೈ ಅವಳ ಮಣಿಕಟ್ಟಿನ ಮೇಲೆಯೇ ನಿಂತಿತು. "ಹೌದವ್ವ," ಎಂದಳು. "ಕಾಣಂಗಿಲ್ಲ."

ಹೆಂಗಸು ತರಚಿದ ಅಂಗೈಯನ್ನು ಅತ್ತೆಯ ಮುಂದೆ ಚಾಚಿದಳು. ನಾನು ಕಾರಿನಿಂದ ನೀರಿನ ಬಾಟಲಿ ತಂದೆ.

ಅವಳ ಗಾಯ ತೊಳೆದು ಕಟ್ಟಿ, ಮೂವರೂ ಸೇರಿ ಕಟ್ಟಿಗೆ ಆಯ್ದು ಹೊರೆ ಕಟ್ಟಿದೆವು. ಅವಳನ್ನು ಕಳಿಸಿಕೊಟ್ಟ ಮೇಲೆ ಅತ್ತೆ ಕಾರಿನಲ್ಲಿ ಕೂರಲಿಲ್ಲ. ನನಗೆ ಆಗ ಓಡಿಸಲು ಬರುತ್ತಿರಲಿಲ್ಲ. ಇಬ್ಬರೂ ಕಾರನ್ನು ನೂಕಿ ರಸ್ತೆಯಂಚಿಗೆ ನಿಲ್ಲಿಸಿ ಮಿಸ್ತ್ರಿಗೆ ಫೋನ್ ಮಾಡಿ, ಹುಣಸೆ ಮರದ ನೆರಳಲ್ಲಿ ಕೂತೆವು.

"ಯಾವಾಗಿಂದ ಅತ್ತಿ?"

"ಒಂದು ವರ್ಷ ಆತು. ಗ್ಲಾಕೋಮಾ. ಕಣ್ಣೊಳಗ ಒತ್ತಡ ಏರ್ತೈತಿ. ಅಂಚಿನಿಂದ ಕಾಣೋದು ಕಡಿಮಿ ಆಗ್ಕೊಂತ ನಡಕ್ಕ ಬರ್ತೈತಿ. ಹೋಗಿದ್ದು ಮತ್ತ ಬರಂಗಿಲ್ಲ."

"ಔಷಧ?"

"ಹನಿ ಬರೆದು ಕೊಟ್ಟಾರ. ನೆನಪಾದಾಗ ಹಾಕ್ಕೊಂಡೀನಿ."

"ನೀನು ನರ್ಸ್ ಅತ್ತಿ!"

"ಅದಕ್ಕ ಹೇಳ್ಲಿಲ್ಲ," ಎಂದಳು. ಕಾರಿನ ಕಡೆ ಕೈ ತೋರಿಸಿ, "ಹೇಳಿದ್ರ ಗಾಡಿ ಬಿಡಬೇಕಿತ್ತು," ಎಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅಂದು ಮಾತ್ರ. ಸದ್ದು ಮಾಡದೆ, ರಸ್ತೆಯ ಕಡೆ ನೋಡುತ್ತ ಅತ್ತಳು.

ಮಿಸ್ತ್ರಿ ಗೆಳೆಯನ ಬೈಕಿನಲ್ಲಿ ಬಂದಿಳಿದ. "ಗಾಡಿಗೆ ಏನಾತ್ರಿ ಅಮ್ಮಾ?"

"ಗಾಡಿಗೇನೂ ಆಗಿಲ್ಲ. ನನಗ ಆಗೈತಿ," ಎಂದು ಅವನ ಕೈಗೆ ಕೀಲಿ ಕೊಟ್ಟಳು.

ಆಮೇಲೆ ಅವಳು ಸ್ಟೀರಿಂಗ್ ಮುಟ್ಟಲಿಲ್ಲ. ಅಪ್ಪ ಕಾರು ಮಾರುವ ಮಾತೆತ್ತಿದಾಗ, "ಈಕಿ ಕಲೀತಾಳ," ಎಂದಳು. ನನ್ನನ್ನು ಯಾರೂ ಕೇಳಲಿಲ್ಲ. ನಾನು ಸ್ಕೂಟಿಯನ್ನೇ ಹೆದರಿಕೊಂಡು ಓಡಿಸುವವಳು.

ಊರಾಚೆ ಒಣಗಿದ ಕೆರೆಯ ಅಂಗಳದಲ್ಲಿ ಪಾಠ ಶುರುವಾಯಿತು. ಎಡಗಡೆ ಕೂತು, ಗೇರಿನ ಮೇಲಿದ್ದ ನನ್ನ ಕೈ ಮೇಲೆ ತನ್ನ ಕೈ ಇಟ್ಟು ಅವಳು ಇಂಜಿನ್ನಿನ ಸದ್ದು ಕೇಳುತ್ತಿದ್ದಳು. "ಈಗ ಹಾಕು. ಇಲ್ಲ, ಲೇಟಾತು. ಮತ್ತ ಮೊದಲಿಂದ." ಒಂದು ದಿನ ಇಪ್ಪತ್ತು ಸಲ ಕಾರು ಬಂದ್ ಬಿದ್ದು ನಾನು ಅಳುವಂತಾದಾಗ, "ನನ್ನ ಮೊದಲ ಸೂಜಿ ಒಬ್ಬ ಹವಾಲ್ದಾರನಿಗೆ. ಮೂರು ಸಲ ಚುಚ್ಚಿದೆ. ಅವ ಅತ್ತ, ನಾ ಅಳಲಿಲ್ಲ," ಎಂದು ನಗಿಸಿದಳು. ಎರಡು ತಿಂಗಳಿಗೆ ನನಗೆ ಲೈಸೆನ್ಸ್ ಬಂತು.

ಮೊದಲ ಸೋಮವಾರವೇ, ಶಾಲೆಗೆ ಹೋಗುವ ಮೊದಲು ತನ್ನನ್ನು ಮಕ್ತಲದ ದವಾಖಾನೆಯಲ್ಲಿ ಇಳಿಸು ಎಂದಳು. ಹನಿ ತರಲು ಹೋಗುತ್ತಾಳೆ ಎಂದುಕೊಂಡೆ. ಸಂಜೆ ಕರೆತರಲು ಹೋದಾಗ ಅಲ್ಲಿಯ ನರ್ಸು ಹೇಳಿದಳು: ಅತ್ತೆ ಹೊರರೋಗಿಗಳ ಬೆಂಚಿನ ಮೇಲೆ ಕೂತು, ನಲವತ್ತು ದಾಟಿದವರನ್ನೆಲ್ಲ ಹತ್ತಿರ ಕರೆದು, ಕಣ್ಣಿನ ಒತ್ತಡ ನೋಡಿಸಿಕೊಂಡೀರೇನು ಎಂದು ಕೇಳುತ್ತಿದ್ದಳಂತೆ. ಏನೂ ಆಗಿಲ್ಲ ಬಿಡ್ರಿ ಎಂದವರಿಗೆ, ಆ ಕಟ್ಟಿಗೆಯ ಹೆಂಗಸಿನ ಕಥೆಯನ್ನು ತನ್ನ ತಪ್ಪು ಮುಚ್ಚಿಡದೆ ಹೇಳುತ್ತಿದ್ದಳಂತೆ. "ನಾ ನರ್ಸ್ ಇದ್ದು ಮುಚ್ಚಿಟ್ಟೆ. ಒಂದು ಜೀವ ತೆಗೀತಿದ್ದೆ. ನೀವು ಮುಚ್ಚಿಡಬ್ಯಾಡ್ರಿ." ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ಕೊನೆಯವರೆಗೂ ಒಂದು ಸೋಮವಾರವನ್ನೂ ಅವಳು ತಪ್ಪಿಸಲಿಲ್ಲ.

ನಾಲ್ಕು ವರ್ಷ ನಾನು ಓಡಿಸಿದೆ. ಹನಿಯನ್ನು ಈಗ ತಪ್ಪದೆ ಹಾಕಿಕೊಂಡರೂ ಅವಳ ದೃಷ್ಟಿ ಕಿರಿದಾಗುತ್ತ ಹೋಗಿ, ಕಡೆಗೆ ಕೊಳವೆಯೊಳಗಿಂದ ನೋಡಿದಷ್ಟು ಉಳಿಯಿತು. ಆದರೂ ಟಾಪು ತೆರೆದರೆ ಅವಳಿಗೆ ದಾರಿ ಗೊತ್ತಾಗುತ್ತಿತ್ತು. ಮೆಣಸಿನಕಾಯಿ ಒಣಹಾಕಿದ ಕಣ, ಹುಣಸೆ ಸಾಲಿನ ತಂಪು, ಭತ್ತದ ಗದ್ದೆಯ ಹಸಿ ವಾಸನೆ. "ಜೂರಾಲ ಬಂತು ನೋಡು," ಎನ್ನುತ್ತಿದ್ದಳು, ಅಣೆಕಟ್ಟಿನ ನೀರು ನನಗೆ ಕಾಣುವ ಮೊದಲೇ. ಒಮ್ಮೆ ಅಲಂಪುರಕ್ಕೆ ಹೋಗುವಾಗ ತಟ್ಟನೆ ನಿಲ್ಲಿಸು ಎಂದಳು. ಏನೋ ಸಿಹಿ ವಾಸನೆ ಬರುತ್ತಿದೆ, ರೇಡಿಯೇಟರಿನ ಕೂಲಂಟು ಸೋರುತ್ತಿರಬೇಕು ಎಂದಳು. ಬಾನೆಟ್ ಎತ್ತಿದರೆ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಇಂಜಿನ್ ತಣ್ಣಗಾದ ಮೇಲೆ ಬಿರುಕು ಎಲ್ಲಿದೆಯೆಂದು ತಡವಿ ನೋಡಿ, ನನ್ನ ಕೈ ಹಿಡಿದು ಅಲ್ಲಿಟ್ಟಳು. ಬ್ಯಾಂಡೇಜ್ ಸುತ್ತುವ ಹಾಗೆ ಟೇಪು ಸುತ್ತುವುದನ್ನೂ ಕಲಿಸಿದಳು. ಭಾನುವಾರದ ಕೆಲಸಗಳೆಲ್ಲ ಹೀಗೇ ಒಂದೊಂದಾಗಿ ನನ್ನ ಕೈಗೆ ಬಂದವು. ಚಳಿಗಾಲದ ಬೆಳಗ್ಗೆ ಟಾಪು ಮಡಚಬಾರದು, ಪ್ಲಾಸ್ಟಿಕ್ ಗಾಜು ಸೀಳುತ್ತದೆ. ಮಡಚುವಾಗ ನಡುವೆ ಹಳೆಯ ದುಪ್ಪಟಿ ಇಡಬೇಕು. ತೊಯ್ದ ಟಾಪನ್ನು ಒಣಗದೆ ಮಡಚಿದರೆ ಬೂಷ್ಟು ಹಿಡಿಯುತ್ತದೆ.

ವರ್ಷಕ್ಕೊಮ್ಮೆ ನನ್ನನ್ನು ರಾಯಚೂರಿಗೆ ಕಣ್ಣು ತೋರಿಸಲು ಕರೆದೊಯ್ಯುತ್ತಿದ್ದಳು, ಅಂದರೆ ನನ್ನಿಂದಲೇ ಕಾರು ಓಡಿಸಿಕೊಂಡು. "ಇದು ರಕ್ತಸಂಬಂಧದಾಗ ಬರ್ತೈತಿ. ನಿಮ್ಮಪ್ಪಗ ಇಲ್ಲಂದ್ರ ನಿನಗಿಲ್ಲ ಅಂತಲ್ಲ." ಪ್ರತಿ ಸಲವೂ ಡಾಕ್ಟರು ಏನಿಲ್ಲ ಎನ್ನುತ್ತಿದ್ದರು.

ಆಷಾಢದ ಒಂದು ಬೆಳಗ್ಗೆ ಚಹಾ ಕುಡಿದು ಅಂಗಳದ ಕಟ್ಟೆಗೆ ಬಂದು ಕೂತಳು. "ಬ್ಯಾಟರಿ ನೀರು ನೋಡಿದೇನು?" ಎಂದು ಕೇಳಿದಳು. ನಾನು ಬಾನೆಟ್ ಎತ್ತಿ ನೋಡಿ, "ಸರಿ ಐತಿ ಅತ್ತಿ," ಎಂದೆ. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಗೋಡೆಗೆ ಒರಗಿ, ನಿದ್ದೆ ಬಂದವಳಂತಿದ್ದಳು. ನಾಡಿ ನೋಡುವುದನ್ನೂ ಅವಳೇ ನನಗೆ ಕಲಿಸಿದ್ದಳು, ಹುಡುಕಿದೆ, ಸಿಗಲಿಲ್ಲ. ನಾರಾಯಣಪೇಟೆಯ ಹೊಲದಲ್ಲಿ ಅಜ್ಜನ ಪಕ್ಕ ಮಣ್ಣು ಮಾಡಿದೆವು. ದವಾಖಾನೆಯ ಬೆಂಚಿನ ಮೇಲೆ ಅವಳ ಮಾತು ಕೇಳಿದವರು ಎಲ್ಲೆಲ್ಲಿಂದಲೋ ಬಂದಿದ್ದರು. ಅವರಲ್ಲಿ ಅನೇಕರು ಯಾರೆಂದು ನಮಗೆ ಗೊತ್ತೇ ಇರಲಿಲ್ಲ.

ಆ ವರ್ಷ ರಾಯಚೂರಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಶಾಲೆಯ ಪರೀಕ್ಷೆ ಎಂದು ಎರಡು ತಿಂಗಳು ಮುಂದೂಡಿದೆ. ಕಡೆಗೆ ಒಂದು ದಿನ, ಅವಳಿದ್ದರೆ ಬೈಯುತ್ತಿದ್ದಳು ಎಂದು ಒಬ್ಬಳೇ ಹೋದೆ. ಡಾಕ್ಟರು ಈ ಸಲ ಹೆಚ್ಚು ಹೊತ್ತು ನೋಡಿದರು. ಯಂತ್ರದ ಮುಂದೆ ಮತ್ತೊಮ್ಮೆ ಕೂರಿಸಿದರು.

"ಒತ್ತಡ ಏರಾಕ ಹತ್ತೈತಿ," ಎಂದರು. "ನರಕ್ಕ ಇನ್ನೂ ಏನೂ ಆಗಿಲ್ಲ. ದಿನಾ ಹನಿ ಹಾಕ್ಕೊಂಡ್ರ ಇಷ್ಟಕ್ಕ ನಿಲ್ಲಸಬಹುದು. ಮಂದಿ ಅರ್ಧ ಕಣ್ಣು ಹೋದ ಮ್ಯಾಲೆ ಬರ್ತಾರಮ್ಮ. ನಿಮ್ಮನ್ನ ಇಷ್ಟು ಬೇಗ ಯಾರು ಕಳಿಸಿದ್ರು?"

"ನಮ್ಮತ್ತಿ ಕಳಿಸ್ಯಾಳ್ರಿ," ಎಂದೆ. ತಪ್ಪಾಯಿತೆಂದು ತಿದ್ದಲು ಹೋಗಿ, ಹಾಗೇ ಬಿಟ್ಟೆ.

ಪರೀಕ್ಷೆಗೆಂದು ಕಣ್ಣಿಗೆ ಹಾಕಿದ ಔಷಧದಿಂದ ಎಲ್ಲ ಮಬ್ಬಾಗಿತ್ತು. ಅದರ ಪರಿಣಾಮ ಇಳಿಯುವ ತನಕ ಗಾಡಿ ಓಡಿಸಬೇಡಿ ಎಂದಿದ್ದರು. ಹೊರಗೆ ಬಂದು, ಬೆಳಕು ಚುಚ್ಚುತ್ತಿದ್ದರಿಂದ ಟಾಪು ಎಳೆದು ಮುಚ್ಚಿ, ಎಡಗಡೆಯ ಸೀಟಿನಲ್ಲಿ ಕೂತೆ. ಹನಿಯ ಸೀಸೆ ಕೈಯಲ್ಲಿತ್ತು. ರಸ್ತೆಯಲ್ಲಿ ಹೋಗುವ ಮನುಷ್ಯರು ಬರೀ ಬಣ್ಣಗಳಾಗಿ ಕಾಣುತ್ತಿದ್ದರು. ಎರಡು ತಾಸು ಕಾದೆ. ಮೊದಲು ಎದುರಿನ ಅಂಗಡಿಯ ಬಾಗಿಲು ತಿಳಿಯಾಯಿತು, ಆಮೇಲೆ ಬೋರ್ಡು, ಆಮೇಲೆ ಬೋರ್ಡಿನ ಅಕ್ಷರಗಳು. ಎಡಗಡೆಯ ಮೊದಲ ಅಕ್ಷರದಿಂದ ಬಲಗಡೆಯ ಕೊನೆಯ ಅಕ್ಷರದವರೆಗೆ ಓದಿಕೊಂಡು, ಇಳಿದು ಸುತ್ತಿಬಂದು ಬಲಗಡೆ ಕೂತೆ.